ಒಬ್ಬ ಫಾಲೋವರ್‌ಗೆ ತಿಂಗಳಿಗೆ ಎರಡೂವರೆ ಡಾಲರ್

2010ರ ಅಕ್ಟೋಬರ್‌ನಲ್ಲಿ ನೋವಾ ಕ್ರಾವಿಟ್ಜ್ ಎಂಬ ಅಮೆರಿಕದ ಬರಹಗಾರ ಕೆಲಸ ಬಿಟ್ಟರು. ಫೋನ್‌ಡಾಗ್ ಎಂಬ ಮೊಬೈಲ್ ಸುದ್ದಿ ತಾಣಕ್ಕೆ ಅವರು ಬರೆಯುತ್ತಿದ್ದರು, ವಿಡಿಯೋ ಮಾಡುತ್ತಿದ್ದರು. ಆ ಕೆಲಸದ ಜೊತೆಗೇ ಒಂದು ಟ್ವಿಟರ್ ಖಾತೆಯೂ ಬೆಳೆದಿತ್ತು. ಖಾತೆಯ ಹೆಸರಿನಲ್ಲಿ ಅರ್ಧ ಕಂಪನಿಯದು, ಅರ್ಧ ಅವರದು. ಹೊರಡುವಾಗ ಅವರು ಕಂಪನಿಯ ಅರ್ಧವನ್ನು ತೆಗೆದುಹಾಕಿ ತಮ್ಮ ಹೆಸರನ್ನಷ್ಟೇ ಉಳಿಸಿಕೊಂಡರು. ಸುಮಾರು 17,000 ಫಾಲೋವರ್‌ಗಳು ಅವರ ಬೆನ್ನಿಗೇ ಹೊರಟರು.

ಮುಂದಿನ ವರ್ಷ ಕಂಪನಿ ಕೋರ್ಟಿಗೆ ಹೋಯಿತು. ಲೆಕ್ಕ ಹೀಗಿತ್ತು: ಒಬ್ಬ ಫಾಲೋವರ್‌ಗೆ ತಿಂಗಳಿಗೆ ಎರಡೂವರೆ ಡಾಲರ್. ಜನ 17,000. ತಿಂಗಳು ಎಂಟು. ಒಟ್ಟು 3,40,000 ಡಾಲರ್ ಕೊಡಬೇಕು.

ಆ ಎರಡೂವರೆ ಎಲ್ಲಿಂದ ಬಂತು ಅಂದರೆ, ಉದ್ಯಮದಲ್ಲಿ ಚಾಲ್ತಿಯಲ್ಲಿರುವ ದರವೇ ಅದು ಎಂದಿತು ಕಂಪನಿ. ಫಾಲೋವರ್‌ಗಳು ಯಾರ ಆಸ್ತಿಯೂ ಅಲ್ಲ ಎಂದಿತು ಎದುರು ಪಕ್ಷ. ಪ್ರಕರಣ ಏನಾಯಿತು ಅನ್ನೋದನ್ನು ಆಮೇಲೆ ನೋಡೋಣ. ನನಗೆ ಈ ಜಗಳ ಇಷ್ಟವಾಗೋದು ಒಂದೇ ಕಾರಣಕ್ಕೆ. ಸೋಶಿಯಲ್ ನೆಟ್‌ವರ್ಕ್‌ನಿಂದ ವ್ಯಾಪಾರಕ್ಕೆ ಏನು ಸಿಗುತ್ತದೆ ಅಂತ ಕೇಳಿದರೆ ಎಲ್ಲರೂ ‘ಹೆಸರು ಬೆಳೆಯುತ್ತೆ’, ‘ಗ್ರಾಹಕರು ಹತ್ತಿರವಾಗ್ತಾರೆ’ ಅಂತ ತೇಲಿಸಿ ಮಾತಾಡುತ್ತಾರೆ. ಇಲ್ಲಿ ಒಬ್ಬರು ನೇರವಾಗಿ ಬಿಲ್ಲೇ ಬರೆದುಬಿಟ್ಟರು.

ತಲೆ ಎಣಿಸುವ ಲೆಕ್ಕ

ಹಾಗೆ ನೋಡಿದರೆ ತಲೆ ಎಣಿಸಿ ಬೆಲೆ ಕಟ್ಟೋದು ಹೊಸದೇನಲ್ಲ. 2012ರಲ್ಲಿ ಫೇಸ್‌ಬುಕ್ 100 ಕೋಟಿ ಡಾಲರ್ ಬೆಲೆಗೆ ಇನ್‌ಸ್ಟಾಗ್ರಾಂ ಕೊಳ್ಳುತ್ತೇನೆ ಎಂದಾಗ ಅಲ್ಲಿದ್ದದ್ದು 13 ನೌಕರರು, ಸುಮಾರು 3 ಕೋಟಿ ಬಳಕೆದಾರರು. ತಲೆಗೆ 33 ಡಾಲರ್ ಬಿತ್ತು. 2014ರಲ್ಲಿ ವಾಟ್ಸಾಪ್‌ಗೆ 1,900 ಕೋಟಿ ಡಾಲರ್ ಘೋಷಿಸಿದಾಗ ಬಳಕೆದಾರರು 45 ಕೋಟಿ, ಅಂದರೆ ತಲೆಗೆ 42. 2016ರಲ್ಲಿ ಮೈಕ್ರೋಸಾಫ್ಟ್ 2,620 ಕೋಟಿ ಡಾಲರ್‌ಗೆ ಲಿಂಕ್ಡ್‌ಇನ್ ಕೊಳ್ಳಲು ಒಪ್ಪಿತು. ಸದಸ್ಯರು 43.3 ಕೋಟಿ. ತಲೆಗೆ 60 ಡಾಲರ್.

ಇಲ್ಲೊಂದು ತಮಾಷೆ ಇದೆ. ದಿನಕ್ಕೆ ಹತ್ತು ಸಲ ವಾಟ್ಸಾಪ್ ತೆರೆಯುವವರು ಲಿಂಕ್ಡ್‌ಇನ್ ಕಡೆ ತಿಂಗಳಿಗೊಮ್ಮೆ ತಲೆ ಹಾಕಿದರೆ ಹೆಚ್ಚು. ಆದರೂ ಲಿಂಕ್ಡ್‌ಇನ್ ತಲೆಗೇ ಬೆಲೆ ಜಾಸ್ತಿ. ಯಾಕೆಂದರೆ ಅಲ್ಲಿ ಯಾರು ಎಲ್ಲಿ ಕೆಲಸ ಮಾಡುತ್ತಾರೆ, ಯಾರಿಗೆ ಯಾರ ಪರಿಚಯ ಇದೆ ಅನ್ನೋದು ಬರೆದಿಟ್ಟಿದೆ. ಆ ಮಾಹಿತಿಗೆ ದುಡ್ಡು ಕೊಡುವವರಿದ್ದಾರೆ. ಆಗ ಲಿಂಕ್ಡ್‌ಇನ್ ಆದಾಯದ ಅರ್ಧಕ್ಕಿಂತ ಹೆಚ್ಚು ಬರುತ್ತಿದ್ದದ್ದು ನೇಮಕಾತಿ ಮಾಡುವ ಕಂಪನಿಗಳಿಂದ.

ತಲೆ ಲೆಕ್ಕ ಎಲ್ಲಿ ಕೈಕೊಡುತ್ತದೆ ಅನ್ನೋದಕ್ಕೆ ಒಂದು ಕಾಲದ ಜನಪ್ರಿಯ ಸೋಶಿಯಲ್ ನೆಟ್‌ವರ್ಕ್ ಮೈಸ್ಪೇಸ್ ಇದೆ. 2005ರಲ್ಲಿ ನ್ಯೂಸ್ ಕಾರ್ಪ್ ಅದರ ಮಾತೃ ಕಂಪನಿಯನ್ನು 58 ಕೋಟಿ ಡಾಲರ್ ಕೊಟ್ಟು ಕೊಂಡಿತು. 2011ರಲ್ಲಿ ಮೈಸ್ಪೇಸ್ ಮಾರಿದಾಗ ಬಂದದ್ದು ಸುಮಾರು 3.5 ಕೋಟಿ. ಖಾತೆಗಳೇನೂ ಮಾಯವಾಗಿರಲಿಲ್ಲ. ಜನ ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗುವ ಜಾಗ ಬದಲಾಗಿತ್ತು, ಅಷ್ಟೆ.

ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ಈಥರ್‌ನೆಟ್ ಕಂಡುಹಿಡಿದವರಲ್ಲಿ ಒಬ್ಬರಾದ ರಾಬರ್ಟ್ ಮೆಟ್‌ಕಾಫ್ ಹೆಸರಿನಲ್ಲಿ ಒಂದು ಸೂತ್ರವಿದೆ. ಜಾಲದ ಬೆಲೆ ಬೆಳೆಯೋದು ಅದರಲ್ಲಿರುವವರ ಸಂಖ್ಯೆಯ ವರ್ಗದ ಲೆಕ್ಕದಲ್ಲಿ ಅಂತ. ಹತ್ತು ಜನರಿದ್ದರೆ 45 ಜೋಡಿ ಮಾತಾಡಬಹುದು. ಇಪ್ಪತ್ತು ಜನರಿದ್ದರೆ 190. ನೂರಾದರೆ 4,950. ಕೇಳೋಕೆ ಚೆನ್ನಾಗಿದೆ. ಹೂಡಿಕೆದಾರರಿಗಂತೂ ಬಹಳ ಇಷ್ಟವಾದ ಸೂತ್ರ ಇದು. ಆದರೆ 4,950 ಜೋಡಿಗಳಲ್ಲಿ ನಿಜವಾಗಿ ಮಾತಾಡೋದು ಎಷ್ಟು? ಎಲ್ಲ ಎಳೆಗೂ ಒಂದೇ ತೂಕವಿಲ್ಲ, ಹಾಗಾಗಿ ಬೆಲೆ ಅಷ್ಟು ವೇಗವಾಗಿ ಏರೋದಿಲ್ಲ ಅಂತ ಗಣಿತಜ್ಞ ಆಂಡ್ರ್ಯೂ ಒಡ್ಲಿಜ್ಕೊ ಮತ್ತು ಜೊತೆಯವರು 2006ರಲ್ಲಿ ವಾದಿಸಿದರು. ನನಗೂ ಅದೇ ಸರಿ ಅನಿಸುತ್ತದೆ. ನಮ್ಮ ನಮ್ಮ ಫೋನಿನಲ್ಲಿರುವ ಹೆಸರುಗಳನ್ನು ಒಮ್ಮೆ ಮೇಲಿಂದ ಕೆಳಗೆ ಸರಿಸಿ ನೋಡಿದರೆ ಸಾಕು, ಗೊತ್ತಾಗುತ್ತೆ.

ಯಾರ ಜೇಬು?

‘ವ್ಯಾಪಾರಕ್ಕೆ ಬೆಲೆ’ ಅನ್ನುವಾಗ ಯಾರ ವ್ಯಾಪಾರ ಅಂತ ಕೇಳಿಕೊಳ್ಳದಿದ್ದರೆ ಎಲ್ಲ ಕಲಸುಮೇಲೋಗರ ಆಗುತ್ತದೆ. ಇಲ್ಲಿ ಮೂರು ಜೇಬುಗಳಿವೆ. ವೇದಿಕೆ ನಡೆಸುವ ಕಂಪನಿಯದು ಒಂದು. ಅಲ್ಲಿ ಬಂದು ಮಾರುವ ವ್ಯಾಪಾರಿಯದು ಇನ್ನೊಂದು. ಅಲ್ಲಿರುವ ಮನುಷ್ಯರದು ಮೂರನೆಯದು. ಒಂದು ತುಂಬಿದರೆ ಉಳಿದವೂ ತುಂಬುತ್ತವೆ ಅಂತೇನಿಲ್ಲ.

ಮೊದಲನೆಯದರ ಲೆಕ್ಕ ತೀರಾ ಸ್ಪಷ್ಟ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಇರುವ ಮೆಟಾ ಕಂಪನಿಯ 2023ರ ಆದಾಯ ಸುಮಾರು 13,490 ಕೋಟಿ ಡಾಲರ್. ಅದರಲ್ಲಿ ಶೇಕಡಾ 97ಕ್ಕಿಂತ ಹೆಚ್ಚು ಜಾಹೀರಾತಿನದು. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾದ ಒಬ್ಬ ಫೇಸ್‌ಬುಕ್ ಬಳಕೆದಾರರಿಂದ ಕಂಪನಿಗೆ ಬಂದದ್ದು ಸರಾಸರಿ 68.44 ಡಾಲರ್. ಏಷ್ಯಾ-ಪೆಸಿಫಿಕ್ ಭಾಗದವರಿಂದ 5.52. ಎರಡೂ ಕಡೆಯವರು ಅದೇ ಬೆರಳಲ್ಲಿ ಅದೇ ಪರದೆ ಉಜ್ಜುತ್ತಾರೆ. ವ್ಯತ್ಯಾಸ ಇರೋದು ಆ ಪರದೆಯ ಮೇಲೆ ತನ್ನ ಮಾಲು ತೋರಿಸೋಕೆ ಅಂಗಡಿಯವರು ಎಷ್ಟು ಕೊಡುತ್ತಾರೆ ಅನ್ನೋದರಲ್ಲಿ.

ಬರೆಯೋದು ನಾವು, ಫೋಟೋ ಹಾಕೋದು ನಾವು, ಜಗಳ ಆಡೋದೂ ನಾವೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ ಅಂತಾರಲ್ಲ, ಹಾಗೆ. ಆದರೆ ಜಾತ್ರೆಗೆ ಬಂದವರಿಗೂ ಏನೂ ಸಿಗಲ್ಲ ಅನ್ನೋ ಹಾಗಿಲ್ಲ. 2018ರ ಅಮೆರಿಕದ ಚುನಾವಣೆಗೆ ಮುಂಚೆ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು ಒಂದು ಪ್ರಯೋಗ ಮಾಡಿದರು. ನಾಲ್ಕು ವಾರ ಫೇಸ್‌ಬುಕ್ ಬಿಡೋಕೆ ಎಷ್ಟು ಕೊಡಬೇಕು ಅಂತ ಜನರನ್ನೇ ಕೇಳಿದರು. ಮಧ್ಯದ ಮೊತ್ತ 100 ಡಾಲರ್ ಆಸುಪಾಸಿನಲ್ಲಿತ್ತು. ಬಿಟ್ಟವರಿಗೆ ದಿನಕ್ಕೆ ಸುಮಾರು ಒಂದು ಗಂಟೆ ಉಳಿಯಿತು, ಮನಸ್ಸೂ ಒಂಚೂರು ಹಗುರಾಯಿತು. ಪ್ರಯೋಗ ಮುಗಿದ ಮೇಲೂ ಅವರು ಮೊದಲಿನಷ್ಟು ಬಳಸಲಿಲ್ಲ.

ವೇದಿಕೆಗೆ ಬರುವ ಆ ಆದಾಯ ಎರಡನೇ ಜೇಬಿನವರಿಗೆ ಖರ್ಚು. ಇದನ್ನು ಮರೆತು ಮಾತಾಡುವವರೇ ಜಾಸ್ತಿ. ವೇದಿಕೆ ದೊಡ್ಡದಾಗಿದೆ, ಹಾಗಾಗಿ ನಿಮಗೂ ಲಾಭ ಅಂತ ಯಾರಾದರೂ ಹೇಳಿದರೆ, ಮಾರುಕಟ್ಟೆಯ ಬಾಡಿಗೆ ಏರಿದೆ, ಹಾಗಾಗಿ ಬಾಡಿಗೆದಾರನೂ ಶ್ರೀಮಂತ ಎಂದ ಹಾಗೆ.

ಹಸಿರು ಬಾಣದ ಸಭೆ

ತಿಂಗಳ ಕೊನೆಯ ಸಭೆ. ಗೋಡೆಯ ಮೇಲೆ ಪ್ರೊಜೆಕ್ಟರ್ ಬೆಳಕು. ಫಾಲೋವರ್, ಲೈಕ್, ರೀಚ್ (ಎಷ್ಟು ಜನಕ್ಕೆ ಮುಟ್ಟಿತು) ಅಂತ ಮೂರು ಡಬ್ಬಿ, ಮೂರರ ಪಕ್ಕದಲ್ಲೂ ಮೇಲಕ್ಕೆ ಹೋಗುವ ಹಸಿರು ಬಾಣ. ತೋರಿಸುವವರ ದನಿಯಲ್ಲಿ ಹುರುಪು. ಮೂಲೆಯಲ್ಲಿ ಕೂತ ಲೆಕ್ಕದ ವಿಭಾಗದವರು ಕನ್ನಡಕ ತೆಗೆದು ಒರೆಸುತ್ತಾ ಕೇಳುತ್ತಾರೆ: “ಇದರಿಂದ ಎಷ್ಟು ಬಿಲ್ ಆಯ್ತು?” ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ. ಆಮೇಲೆ ಯಾರೋ, “ಸರ್, ಬ್ರ್ಯಾಂಡ್ ಅಂದ್ರೆ ಹಾಗೆ ತಕ್ಷಣ ಗೊತ್ತಾಗಲ್ಲ” ಅನ್ನುತ್ತಾರೆ. ಸಭೆ ಮುಂದಿನ ಸ್ಲೈಡಿಗೆ ಹೋಗುತ್ತದೆ.

ನಾನೂ ಇಂಥ ಸಭೆಗಳಲ್ಲಿ ಸ್ಲೈಡ್ ತೋರಿಸುವ ಕಡೆ ನಿಂತಿದ್ದೇನೆ. ಆ ಹಸಿರು ಬಾಣ ನಾವು ಬಿಡಿಸಿದ್ದಲ್ಲ. ವೇದಿಕೆಯೇ ಬಿಡಿಸಿ ಕೊಡುತ್ತದೆ. ಜಾಹೀರಾತು ಮಾರುವವರೇ ಜಾಹೀರಾತಿನ ಫಲಿತಾಂಶದ ಪಟ್ಟಿಯನ್ನೂ ಕೊಟ್ಟರೆ ಅದರಲ್ಲಿ ಕೆಂಪು ಬಾಣ ಎಷ್ಟಿದ್ದೀತು? 2016ರಲ್ಲಿ ಫೇಸ್‌ಬುಕ್ ತಾನೇ ಒಂದು ತಪ್ಪು ಒಪ್ಪಿಕೊಂಡಿತು. ವಿಡಿಯೋಗಳನ್ನು ಜನ ಸರಾಸರಿ ಎಷ್ಟು ಹೊತ್ತು ನೋಡಿದರು ಅನ್ನೋ ಲೆಕ್ಕದಲ್ಲಿ ಮೂರು ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಬಿಟ್ಟೇ ಬಿಟ್ಟಿದ್ದರು. ಸರಾಸರಿ ಶೇಕಡಾ 60ರಿಂದ 80ರಷ್ಟು ಉಬ್ಬಿತ್ತು. ಜಾಹೀರಾತುದಾರರು ಹಾಕಿದ ದಾವೆ 2019ರಲ್ಲಿ 4 ಕೋಟಿ ಡಾಲರ್ ಪರಿಹಾರದಲ್ಲಿ ಮುಗಿಯಿತು.

ಪುಕ್ಕಟೆಯಾಗಿ ಜನರನ್ನು ಮುಟ್ಟಬಹುದು ಅನ್ನೋ ಕಾಲವೂ ಹೋಯಿತು. ಒಂದು ಕಾಲದಲ್ಲಿ ಕಂಪನಿಗಳು ದುಡ್ಡು ಸುರಿದು ಫೇಸ್‌ಬುಕ್ ಪುಟಗಳಿಗೆ ಜನ ಸೇರಿಸಿದವು. ಆಮೇಲೆ ಪುಟದಲ್ಲಿ ಹಾಕಿದ್ದು ಅದೇ ಜನಕ್ಕೆ ಕಾಣೋದು ಕಡಿಮೆಯಾಗುತ್ತಾ ಬಂತು. ಜಾಹೀರಾತು ಸಂಸ್ಥೆ ಓಗಿಲ್ವಿ ನೂರಕ್ಕೂ ಹೆಚ್ಚು ಪುಟಗಳನ್ನು ಗಮನಿಸಿತು. 2013ರ ಅಕ್ಟೋಬರ್‌ನಲ್ಲಿ ಪೋಸ್ಟ್ ಮುಟ್ಟುತ್ತಿದ್ದದ್ದು ಶೇಕಡಾ 12ರಷ್ಟು ಫಾಲೋವರ್‌ಗಳನ್ನು. ಮುಂದಿನ ಫೆಬ್ರವರಿಗೆ ಅದು 6ಕ್ಕೆ ಇಳಿದಿತ್ತು. ಉಳಿದವರಿಗೂ ಕಾಣಬೇಕಾ? ದುಡ್ಡು ಕೊಡಿ. ನಾವೇ ಕರೆತಂದ ನೆಂಟರನ್ನು ಮಾತಾಡಿಸೋಕೆ ಬಾಗಿಲಲ್ಲಿ ಟಿಕೆಟ್.

ಕೊಟ್ಟ ದುಡ್ಡಿಗೆ ಫಲ ಕಾಣುತ್ತಿಲ್ಲ ಅಂತ ಕಾರು ಕಂಪನಿ ಜನರಲ್ ಮೋಟರ್ಸ್ ಮೊದಲೇ ಗೊಣಗಿತ್ತು. 2012ರ ಮೇನಲ್ಲಿ, ಫೇಸ್‌ಬುಕ್ ಷೇರು ಮಾರುಕಟ್ಟೆಗೆ ಬರೋಕೆ ಮೂರು ದಿನ ಇದ್ದಾಗ, ಅಲ್ಲಿ ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್ ಸುರಿಯುತ್ತಿದ್ದ ಜಾಹೀರಾತನ್ನು ನಿಲ್ಲಿಸುತ್ತಿರುವ ಸುದ್ದಿ ಹೊರಬಂತು. ಕಾಸು ಕೇಳದ ತನ್ನ ಪುಟವನ್ನು ಮಾತ್ರ ಹಾಗೇ ಇಟ್ಟುಕೊಂಡಿತು. ನೆಂಟರ ಮೇಲೆ ಪ್ರೀತಿ, ಅಕ್ಕಿ ಮೇಲೆ ಆಸೆ. ಮುಂದಿನ ವರ್ಷ ಸದ್ದಿಲ್ಲದೆ ಜಾಹೀರಾತಿಗೂ ವಾಪಸಾಯಿತು.

ಅಳೆಯೋದು ಯಾಕಿಷ್ಟು ಕಷ್ಟ? ಒಂದು ಅಂಗಡಿ ಇದೆ ಅಂದುಕೊಳ್ಳಿ. ರಿಯಾಯಿತಿ ಚೀಟಿ ಹಂಚೋಕೆ ಇಬ್ಬರು ಹುಡುಗರನ್ನು ಇಟ್ಟುಕೊಂಡಿದ್ದೀರಿ. ಒಬ್ಬ ಬಿಸಿಲಲ್ಲಿ ಬೀದಿ ಬೀದಿ ಅಲೆದು ಹಂಚುತ್ತಾನೆ. ಇನ್ನೊಬ್ಬ ಜಾಣ. ಅಂಗಡಿ ಬಾಗಿಲಲ್ಲೇ ನಿಂತು, ಒಳಗೆ ಕಾಲಿಡುತ್ತಿರುವವರ ಕೈಗೆ ಚೀಟಿ ತುರುಕುತ್ತಾನೆ. ಸಂಜೆ ಗಲ್ಲಾದಲ್ಲಿ ಎಣಿಸಿದರೆ ಎರಡನೆಯವನ ಚೀಟಿಗಳೇ ತುಂಬಿರುತ್ತವೆ. ಅವನಿಗೇ ಸಂಬಳ ಏರಿಸುತ್ತೀರಿ. ಆನ್‌ಲೈನ್ ಜಾಹೀರಾತು ಬಹಳ ಸಲ ಆ ಎರಡನೇ ಹುಡುಗ. ಯಾರು ಕೊಳ್ಳುವ ಅಂದಾಜಿದೆಯೋ ಅವರನ್ನೇ ಹುಡುಕಿ ಜಾಹೀರಾತು ತೋರಿಸೋದೇ ಅದರ ಜಾಣತನ. ಕೊಂಡವರಲ್ಲಿ ಜಾಹೀರಾತು ಇಲ್ಲದೆಯೂ ಕೊಳ್ಳುತ್ತಿದ್ದವರು ಎಷ್ಟು ಅನ್ನೋದು ಪಟ್ಟಿಯಲ್ಲಿ ಬರಲ್ಲ.

ಇದನ್ನು ಬಿಡಿಸೋಕೆ ಇರುವ ನೇರ ದಾರಿ ಒಂದೇ. ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಬೇಕು. ಒಂದು ಗುಂಪಿಗೆ ಜಾಹೀರಾತು ತೋರಿಸಬೇಕು, ಇನ್ನೊಂದಕ್ಕೆ ತೋರಿಸಬಾರದು. ಕೊನೆಗೆ ಎರಡೂ ಕಡೆ ಮಾರಾಟ ಎಷ್ಟಾಯಿತು ನೋಡಬೇಕು. ಬ್ರೆಟ್ ಗಾರ್ಡನ್, ಫ್ಲೋರಿಯನ್ ಜೆಟಲ್‌ಮೇಯರ್ ಮತ್ತು ಜೊತೆಯವರು ಫೇಸ್‌ಬುಕ್‌ನಲ್ಲಿ ನಡೆದ ಇಂಥ 15 ಪ್ರಯೋಗಗಳನ್ನು ತೆಗೆದುಕೊಂಡು 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಟ್ಟು 50 ಕೋಟಿಯಷ್ಟು ದಾಖಲೆಗಳು. ಹೀಗೆ ಗುಂಪು ಮಾಡಿ ಸಿಕ್ಕ ಉತ್ತರವನ್ನು, ಉದ್ಯಮದಲ್ಲಿ ರೂಢಿಯಲ್ಲಿರುವ ಅಂದಾಜು ವಿಧಾನಗಳ ಉತ್ತರದ ಪಕ್ಕ ಇಟ್ಟು ನೋಡಿದರು. ಅಂದಾಜು ವಿಧಾನಗಳು ಬಹಳ ಸಲ ತಪ್ಪುತ್ತಿದ್ದವು. ತಪ್ಪಿದಾಗ ಹೆಚ್ಚಾಗಿ ಜಾಹೀರಾತಿನ ಫಲವನ್ನು ಇರೋದಕ್ಕಿಂತ ದೊಡ್ಡದಾಗಿ ತೋರಿಸುತ್ತಿದ್ದವು.

ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್ ಇದನ್ನು ದುಡ್ಡಲ್ಲೇ ಪರೀಕ್ಷಿಸಿತು. 2017ರಲ್ಲಿ ಡಿಜಿಟಲ್ ಜಾಹೀರಾತಿನ ಖರ್ಚಲ್ಲಿ ಸುಮಾರು 20 ಕೋಟಿ ಡಾಲರ್ ಕಡಿತ ಮಾಡಿತು. ಆ ದುಡ್ಡನ್ನು ಬೇರೆ ಕಡೆ ಹಾಕಿದಾಗ ಜಾಹೀರಾತು ಮುಟ್ಟಿದ ಜನ ಶೇಕಡಾ 10ರಷ್ಟು ಹೆಚ್ಚಾದರು ಅಂತ ಕಂಪನಿಯೇ ಹೇಳಿಕೊಂಡಿತು.

ಹಾಗಂತ ಎಲ್ಲ ದಂಡ ಅಂದುಕೊಳ್ಳಬೇಡಿ. ಪ್ರಾಕ್ಟರ್ ಆ್ಯಂಡ್ ಗ್ಯಾಂಬಲ್‌ನ ಸೋಪು ಬೇಡದವರು ಯಾರಿದ್ದಾರೆ? ಎಲ್ಲರೂ ಗಿರಾಕಿಗಳೇ ಆದ ಕಂಪನಿಗೆ ಗಿರಾಕಿಯನ್ನು ಹುಡುಕಿಕೊಡುವ ಯಂತ್ರದ ಹಂಗು ಕಡಿಮೆ. ಎಡಗೈ ಬಳಸುವವರಿಗಷ್ಟೇ ಕತ್ತರಿ ಮಾಡಿ ಮಾರುವ ಒಬ್ಬ ಕುಶಲಕರ್ಮಿಯ ಕಥೆ ಬೇರೆ. ಅವರ ಗಿರಾಕಿಗಳು ಲೋಕದ ತುಂಬ ಚದುರಿದ್ದಾರೆ. ಒಂದೊಂದು ಬೀದಿಗೆ ಒಬ್ಬರೋ ಇಬ್ಬರೋ. ಅವರನ್ನು ಪತ್ರಿಕೆ, ಟಿವಿ ಜಾಹೀರಾತಿನಿಂದ ಹುಡುಕೋಕೆ ಹೋದರೆ ಮನೆ ಮಾರಬೇಕಾಗುತ್ತದೆ. 2021ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿ ಐಫೋನಿನಲ್ಲಿ ‘ಈ ಆ್ಯಪ್ ನಿಮ್ಮನ್ನು ಬೇರೆ ಕಡೆಯೂ ಹಿಂಬಾಲಿಸಬಹುದಾ’ ಎಂದು ಕೇಳುವ ಪೆಟ್ಟಿಗೆ ತಂದಿತು. ಬಹಳ ಜನ ಬೇಡ ಎಂದರು. ಇದರಿಂದ 2022ರಲ್ಲಿ ಸುಮಾರು 1,000 ಕೋಟಿ ಡಾಲರ್ ಆದಾಯ ತಪ್ಪಬಹುದು ಎಂದಿತು ಮೆಟಾ. ಆ ಮಾತು ಹೊರಬಿದ್ದ ಮಾರನೇ ದಿನ ಅದರ ಷೇರು ಶೇಕಡಾ 26ರಷ್ಟು ಬಿತ್ತು. ಚದುರಿದ ಗಿರಾಕಿಗಳನ್ನು ನಂಬಿದ ಸಣ್ಣ ಮಾರಾಟಗಾರರಿಗೂ ಆಗ ಬಿಸಿ ತಟ್ಟಿತು. ಗಿರಾಕಿಯ ಗುಟ್ಟು ಉಳಿಯಿತು ಅಂತ ಖುಷಿ ಪಡಬೇಕೋ, ಕತ್ತರಿಯವರಿಗಾಗಿ ಮರುಗಬೇಕೋ? ನನಗೆ ಎರಡೂ ಅನಿಸುತ್ತದೆ.

ಲೆಕ್ಕ ಸಿಗುವ ಜಾಗಗಳೂ ಇವೆ. ಡೆಲ್ ಕಂಪನಿ ವಾಪಸ್ ಬಂದ ಕಂಪ್ಯೂಟರ್‌ಗಳನ್ನು ಸರಿಪಡಿಸಿ ಮಾರುವ ತನ್ನ ಔಟ್‌ಲೆಟ್‌ಗೆ 2007ರಲ್ಲಿ ಟ್ವಿಟರ್ ಖಾತೆ ತೆರೆಯಿತು. ಅಲ್ಲಿ ಮಾತ್ರ ಸಿಗುವ ರಿಯಾಯಿತಿ ಕೋಡ್ ಕೊಟ್ಟಿತು. ಕೋಡ್ ಹಾಕಿ ಕೊಂಡವರನ್ನು ಎಣಿಸಿದರೆ ಆಯ್ತು. 2009ರ ಕೊನೆಗೆ ಟ್ವಿಟರ್‌ನಿಂದ 65 ಲಕ್ಷ ಡಾಲರ್ ಮಾರಾಟ ಆಗಿದೆ ಎಂದಿತು. ಆಗ ಇದು ಎಲ್ಲ ಕಡೆ ದೊಡ್ಡ ಸುದ್ದಿ. ಅದೇ ಆರ್ಥಿಕ ವರ್ಷದಲ್ಲಿ ಡೆಲ್‌ನ ಒಟ್ಟು ವಹಿವಾಟು 5,200 ಕೋಟಿ ಡಾಲರ್ ದಾಟಿತ್ತು. ಸಾವಿರ ಡಾಲರ್ ಮಾರಿದಾಗ ಅದರಲ್ಲಿ ಹದಿಮೂರು ಸೆಂಟಿನಷ್ಟೂ ಇಲ್ಲ.

ಹಾನಿಯ ಲೆಕ್ಕವೂ ಹೀಗೇ ಜಾರುತ್ತದೆ. ಡೇವ್ ಕ್ಯಾರೊಲ್ ಎಂಬ ಕೆನಡಾದ ಸಂಗೀತಗಾರರ ಗಿಟಾರ್ ಯುನೈಟೆಡ್ ವಿಮಾನದಲ್ಲಿ ಮುರಿಯಿತು. ತಿಂಗಳುಗಟ್ಟಲೆ ಅಲೆದರೂ ಪರಿಹಾರ ಸಿಗದೆ, 2009ರ ಜುಲೈನಲ್ಲಿ ಅವರು ಆ ಬಗ್ಗೆ ಹಾಡು ಕಟ್ಟಿ ಯೂಟ್ಯೂಬಿಗೆ ಹಾಕಿದರು. ಲಕ್ಷಾಂತರ ಜನ ನೋಡಿದರು. ಆ ಹಾಡಿನಿಂದ ವಿಮಾನ ಕಂಪನಿಯ ಷೇರುದಾರರಿಗೆ 18 ಕೋಟಿ ಡಾಲರ್ ನಷ್ಟ ಆಯ್ತು ಅನ್ನೋ ಮಾತು ಇಂದಿಗೂ ತರಬೇತಿ ಶಿಬಿರಗಳಲ್ಲಿ ಓಡಾಡುತ್ತದೆ. ಅದು ಆರ್ಥಿಕ ಕುಸಿತದ ವರ್ಷ. ವಿಮಾನ ಕಂಪನಿಗಳ ಷೇರುಗಳು ದಿನಾ ಏರಿಳಿಯುತ್ತಿದ್ದವು. ಹಾಡು ಬಂತು, ಷೇರು ಇಳಿಯಿತು, ಹಾಗಾಗಿ ಹಾಡಿನಿಂದಲೇ ಇಳಿಯಿತು ಅನ್ನೋದು ಮತ್ತದೇ ಬಾಗಿಲ ಹುಡುಗನ ಲೆಕ್ಕ. ಗಿಟಾರಿನ ರಿಪೇರಿಗೆ ತಗುಲಿದ್ದು 1,200 ಡಾಲರ್ ಅನ್ನೋದು ಮಾತ್ರ ಗಟ್ಟಿ. ದೂರು ಕೇಳಿಸಿಕೊಳ್ಳೋಕೆ ಒಬ್ಬರನ್ನು ಕೂರಿಸಿದ್ದರೆ ಅಷ್ಟರಲ್ಲೇ ಮುಗಿಯುತ್ತಿತ್ತು.

‘ಗೆಳೆಯ ಅಲ್ಲ, ಪರಿಚಯದವರು’

ಈಗ ಮೂರನೇ ಜೇಬು. ನನ್ನ ಪ್ರಕಾರ ಹೆಚ್ಚು ಗಟ್ಟಿ ಇರೋದು ಇಲ್ಲೇ. ಇದಕ್ಕೆ ಇಂಟರ್ನೆಟ್‌ಗಿಂತ ಹಳೆಯ ಪುರಾವೆ ಇದೆ.

1960ರ ದಶಕದ ಕೊನೆ. ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರದ ವಿದ್ಯಾರ್ಥಿ ಬಾಸ್ಟನ್ ಪಕ್ಕದ ನ್ಯೂಟನ್‌ನಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನು ಭೇಟಿ ಮಾಡುತ್ತಿದ್ದರು. ಕೆಲಸದ ಸುದ್ದಿ ಯಾರಿಂದ ಸಿಕ್ಕಿತು, ಗೆಳೆಯರಿಂದಲಾ ಅಂತ ಕೇಳುತ್ತಿದ್ದರು. ಗೆಳೆಯ ಅಲ್ಲ, ಬರೀ ಪರಿಚಯದವರು ಅಂತ ಒಬ್ಬರಾದ ಮೇಲೊಬ್ಬರು ತಿದ್ದುತ್ತಿದ್ದರಂತೆ. ಪರಿಚಯದಿಂದ ಕೆಲಸ ಸಿಕ್ಕವರಲ್ಲಿ ಆ ವ್ಯಕ್ತಿಯನ್ನು ಪದೇ ಪದೇ ನೋಡುತ್ತಿದ್ದವರು ಶೇಕಡಾ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ನೋಡುತ್ತಿದ್ದವರು 55.6. ಅಪರೂಪಕ್ಕೆ, ಅಂದರೆ ವರ್ಷಕ್ಕೊಮ್ಮೆ ಅಥವಾ ಅದೂ ಇಲ್ಲ ಅನ್ನುವಂಥವರು 27.8. ಅವರ ಲೇಖನವನ್ನು ಒಂದು ಪತ್ರಿಕೆ ಮೊದಲು ತಿರಸ್ಕರಿಸಿತು. 1973ರಲ್ಲಿ ಬೇರೆ ಪತ್ರಿಕೆಯಲ್ಲಿ ಬಂತು. ಈಗ ಸಮಾಜಶಾಸ್ತ್ರದಲ್ಲಿ ಅತಿ ಹೆಚ್ಚು ಉಲ್ಲೇಖವಾಗುವ ಬರಹಗಳಲ್ಲಿ ಅದೂ ಒಂದು.

ಯಾಕೆ ಹೀಗೆ ಅಂತ ಯೋಚಿಸಿದರೆ ಕಷ್ಟವೇನಿಲ್ಲ. ನಮ್ಮ ಆಪ್ತ ಗೆಳೆಯರಿಗೆ ಗೊತ್ತಿರೋದೆಲ್ಲ ನಮಗೂ ಗೊತ್ತಿರುತ್ತದೆ. ಒಂದೇ ಗುಂಪು, ಅದೇ ಮಾತು, ಅದೇ ಸುದ್ದಿ ಸುತ್ತು ಹೊಡೆಯುತ್ತಿರುತ್ತದೆ. ಹಿಂದಿನ ಕೆಲಸದಲ್ಲಿ ಪಕ್ಕದ ವಿಭಾಗದಲ್ಲಿದ್ದು ಈಗ ಎಲ್ಲೋ ಇರುವವರು, ಯಾವುದೋ ತರಬೇತಿಯಲ್ಲಿ ಎರಡು ದಿನ ಜೊತೆಗಿದ್ದವರು, ಇವರು ಓಡಾಡುವ ಲೋಕವೇ ಬೇರೆ. ಅಲ್ಲಿಯ ಸುದ್ದಿ ನಮಗೆ ಹೊಸದು. ಆದರೆ ಇಂಥ ಪರಿಚಯಗಳು ಬೇಗ ಕಳೆದುಹೋಗುತ್ತವೆ. ವಿಳಾಸ ಬದಲಾಗುತ್ತದೆ, ಫೋನ್ ನಂಬರ್ ಬದಲಾಗುತ್ತದೆ, ಹೆಸರೇ ಮರೆಯುತ್ತದೆ. ಸೋಶಿಯಲ್ ನೆಟ್‌ವರ್ಕ್ ಮಾಡಿದ ದೊಡ್ಡ ಉಪಕಾರ ಅಂದರೆ, ಈ ತೆಳ್ಳನೆ ಎಳೆಗಳು ಹೆಚ್ಚೇನೂ ಖರ್ಚಿಲ್ಲದೆ ಉಳಿಯುವ ಹಾಗೆ ಮಾಡಿದ್ದು. ವರ್ಷಕ್ಕೊಂದು ‘ಅಭಿನಂದನೆಗಳು’ ಸಾಕು, ಎಳೆ ತುಂಡಾಗಲ್ಲ.

ಇದು ನಿಜವಾ ಅಂತ ದೊಡ್ಡ ಮಟ್ಟದಲ್ಲಿ ನೋಡೋಕೆ ಅರ್ಧ ಶತಮಾನ ಬೇಕಾಯಿತು. ಲಿಂಕ್ಡ್‌ಇನ್‌ನಲ್ಲಿ ‘ಇವರು ನಿಮಗೆ ಗೊತ್ತಿರಬಹುದು’ ಅಂತ ಹೆಸರುಗಳನ್ನು ತೋರಿಸುವ ಜಾಗ ಇದೆಯಲ್ಲ, ಅಲ್ಲಿಯ ಅಲ್ಗಾರಿದಮ್ ಅನ್ನು ಕಂಪನಿ ಐದು ವರ್ಷ ಬೇರೆ ಬೇರೆ ಜನರಿಗೆ ಬೇರೆ ಬೇರೆ ಥರ ತಿರುಗಿಸಿತ್ತು. ಕೆಲವರಿಗೆ ಆಪ್ತ ವಲಯದ ಹೆಸರುಗಳು ಜಾಸ್ತಿ, ಕೆಲವರಿಗೆ ದೂರದವು ಜಾಸ್ತಿ. 2 ಕೋಟಿಗೂ ಹೆಚ್ಚು ಜನ, ಅವರ ನಡುವೆ ಹುಟ್ಟಿದ 200 ಕೋಟಿ ಹೊಸ ಸಂಪರ್ಕ, 6 ಲಕ್ಷ ಹೊಸ ಕೆಲಸ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಗ್ರಾನೊವೆಟರ್ ಹೇಳಿದ್ದು ಬಹುಮಟ್ಟಿಗೆ ಸರಿ, ಆದರೆ ಒಂದು ತಿದ್ದುಪಡಿ ಇದೆ. ತೀರಾ ಸಡಿಲವಾದ ಎಳೆಯೂ ಉಪಯೋಗಕ್ಕಿಲ್ಲ. ಒಂದಿಷ್ಟು ಜನ ಇಬ್ಬರಿಗೂ ಪರಿಚಯ ಇರಬೇಕು, ಆದರೆ ಬಳಗ ಒಂದೇ ಆಗಿರಬಾರದು. ಅಂಥ ನಡುವಿನ ಎಳೆಗಳೇ ಕೆಲಸಕ್ಕೆ ಹೆಚ್ಚು ನೆರವಾದವು. ಅದೂ ಡಿಜಿಟಲ್ ಕೆಲಸ ಜಾಸ್ತಿ ಇರುವ ಉದ್ಯಮಗಳಲ್ಲಿ. ಉಳಿದ ಕಡೆ ಆಪ್ತರೇ ಕೈಹಿಡಿದದ್ದು. (ತಮ್ಮ ಮೇಲೆ ಹೀಗೊಂದು ಪ್ರಯೋಗ ನಡೆಯುತ್ತಿದೆ ಅಂತ ಆ 2 ಕೋಟಿ ಜನಕ್ಕೆ ಯಾರೂ ಹೇಳಿರಲಿಲ್ಲ. ಆಗ ಅದಕ್ಕೂ ಟೀಕೆ ಬಂತು. ಬರಬೇಕಾದದ್ದೇ.)

ಕಂಪನಿಯ ಒಳಗೂ ಇದೇ ಗಣಿತ ನಡೆಯುತ್ತದೆ. ರೊನಾಲ್ಡ್ ಬರ್ಟ್ ಎಂಬ ಸಮಾಜಶಾಸ್ತ್ರಜ್ಞ ಅಮೆರಿಕದ ಒಂದು ದೊಡ್ಡ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿ ಸರಕು ಪೂರೈಕೆ ನೋಡಿಕೊಳ್ಳುವ 673 ಮ್ಯಾನೇಜರ್‌ಗಳನ್ನು ಗಮನಿಸಿದರು. ಕೆಲಸ ಸುಧಾರಿಸೋಕೆ ಒಂದು ಉಪಾಯ ಬರೆದುಕೊಡಿ ಎಂದರು. ಮೇಲಿನ ಅಧಿಕಾರಿಗಳಿಂದ ಅವಕ್ಕೆ ಅಂಕ ಹಾಕಿಸಿದರು. ತಮ್ಮ ವಿಭಾಗದವರ ಜೊತೆಗಷ್ಟೇ ಮಾತಾಡುತ್ತಿದ್ದವರಿಗಿಂತ, ಪರಸ್ಪರ ಸಂಪರ್ಕವೇ ಇಲ್ಲದ ಗುಂಪುಗಳ ನಡುವೆ ಓಡಾಡುತ್ತಿದ್ದವರ ಉಪಾಯಗಳಿಗೆ ಹೆಚ್ಚು ಅಂಕ ಬಿತ್ತು. ಅವರ ಸಂಬಳವೂ ಚೆನ್ನಾಗಿತ್ತು. ಅವರು ಹೆಚ್ಚು ಬುದ್ಧಿವಂತರು ಅಂತಲ್ಲ. ಒಂದು ಕಡೆ ಹಳಸಲಾದ ಸಂಗತಿಯನ್ನು ಇನ್ನೊಂದು ಕಡೆಗೆ ಒಯ್ದರೆ ಅಲ್ಲಿ ಅದು ಹೊಸದು.

2012ರಲ್ಲಿ ಮೆಕಿನ್ಸೆ ಎಂಬ ಸಲಹಾ ಸಂಸ್ಥೆಯ ಸಂಶೋಧನಾ ವಿಭಾಗ ಸೋಶಿಯಲ್ ತಂತ್ರಜ್ಞಾನದ ಬೆಲೆ ಅಂದಾಜು ಮಾಡಿತು. ನಾಲ್ಕು ಉದ್ಯಮ ವಲಯಗಳಲ್ಲಿ ವರ್ಷಕ್ಕೆ 90,000 ಕೋಟಿಯಿಂದ 1.3 ಲಕ್ಷ ಕೋಟಿ ಡಾಲರ್ ಲಾಭ ಸಾಧ್ಯ ಎಂದಿತು. ಇಂಥ ಭಾರೀ ಅಂಕಿಗಳನ್ನು ಪೂರ್ತಿ ನಂಬಬಾರದು, ಆದರೆ ಅದರೊಳಗಿನ ಒಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಆ ಲಾಭದ ಮೂರರಲ್ಲಿ ಎರಡು ಪಾಲು ಗಿರಾಕಿಗಳಿಗೆ ಮಾರೋದರಿಂದ ಬರೋದಲ್ಲ. ಕಂಪನಿಗಳ ಒಳಗೆ, ಕಂಪನಿ ಕಂಪನಿಗಳ ನಡುವೆ, ಜನ ಒಬ್ಬರಿಗೊಬ್ಬರು ಸುಲಭವಾಗಿ ಸಿಗೋದರಿಂದ ಬರೋದು. ಕಚೇರಿ ಕೆಲಸ ಮಾಡುವವರ ವಾರದಲ್ಲಿ ಶೇಕಡಾ 28ರಷ್ಟು ಸಮಯ ಇಮೇಲ್‌ಗೆ ಹೋಗುತ್ತದೆ, ಸುಮಾರು 20 ಒಳಗಿನ ಮಾಹಿತಿ ಹುಡುಕೋಕೆ ಅಥವಾ ಗೊತ್ತಿರುವವರು ಯಾರು ಅಂತ ಪತ್ತೆ ಹಚ್ಚೋಕೆ ಹೋಗುತ್ತದೆ ಎಂದಿತ್ತು ವರದಿ.

ಹಾಗಿದ್ದರೆ ಎಲ್ಲ ಕಂಪನಿಯಲ್ಲೂ ಒಳಗಿನ ಜಾಲ ಗಿಜಿಗುಡುತ್ತಿರಬೇಕಿತ್ತು, ಅಲ್ವಾ? ಅದೇ ವರ್ಷ ಮೈಕ್ರೋಸಾಫ್ಟ್ 120 ಕೋಟಿ ಡಾಲರ್ ಕೊಟ್ಟು ಯಾಮರ್ ಅನ್ನೋ ಕಚೇರಿ ಜಾಲವನ್ನು ಕೊಂಡಿತು. ಇಂಥ ಜಾಲ ಹಾಕಿಸಿಕೊಂಡ ಕಚೇರಿಗಳ ಕಥೆ ಹೆಚ್ಚು ಕಡಿಮೆ ಒಂದೇ. ಮೊದಲ ವಾರ ಎಲ್ಲರೂ ಬರುತ್ತಾರೆ. ಎರಡನೇ ವಾರ ಮೇಲಧಿಕಾರಿಯ ಪೋಸ್ಟ್. ಅದಕ್ಕೆ ನಲವತ್ತು ಲೈಕ್. ಮೂರನೇ ವಾರದಿಂದ ಹುಟ್ಟುಹಬ್ಬದ ಶುಭಾಶಯ ಮಾತ್ರ. ಸಾಹೇಬರು ನೋಡುತ್ತಿರುವ ಗೋಡೆಯ ಮೇಲೆ ‘ನನಗೆ ಇದು ಗೊತ್ತಿಲ್ಲ, ಯಾರಾದರೂ ಹೇಳ್ತೀರಾ’ ಅಂತ ಬರೆಯೋಕೆ ಯಾರಿಗೆ ಧೈರ್ಯ? ಬರ್ಟ್ ಹೇಳಿದ ಆ ಓಡಾಟ ಕಾಫಿ ಯಂತ್ರದ ಹತ್ತಿರ, ಇಬ್ಬರೇ ಇರುವ ಚಾಟ್‌ನಲ್ಲಿ ನಡೆಯುತ್ತದೆ. ಸುಮ್ನೆ ಸಾಫ್ಟ್‌ವೇರ್ ಹಾಕಿಸಿದರೆ ಅದು ಬರಲ್ಲ. ಗೂಗಲ್ ಕಟ್ಟಿದ ಸೋಶಿಯಲ್ ನೆಟ್‌ವರ್ಕ್ ಗೂಗಲ್ ಪ್ಲಸ್‌ಗೂ ಇದೇ ಗತಿಯಾಯಿತು. ಜಗತ್ತಿನ ದೊಡ್ಡ ಕಂಪನಿಯ ಬೆಂಬಲವಿತ್ತು, ಖಾತೆಗಳಿಗೆ ಬರವಿರಲಿಲ್ಲ. ಆದರೆ ಬಂದವರು ಹತ್ತರಲ್ಲಿ ಒಂಬತ್ತು ಸಲ ಐದು ಸೆಕೆಂಡ್ ಕೂಡ ನಿಲ್ಲುತ್ತಿರಲಿಲ್ಲ ಅಂತ ಗೂಗಲ್ಲೇ ಹೇಳಿತು. 2019ರ ಏಪ್ರಿಲ್‌ನಲ್ಲಿ ಬಾಗಿಲು ಹಾಕಿತು.

ಬಾಡಿಗೆ ಜಾಗ

2021ರ ಅಕ್ಟೋಬರ್ 4. ಆರ್ಡರ್ ಕಳಿಸಿದ ಗಿರಾಕಿಗೆ ಉತ್ತರ ಬರೆಯುತ್ತಿದ್ದ ಮಾರಾಟಗಾರರ ಫೋನಿನಲ್ಲಿ ವಾಟ್ಸಾಪ್ ಸಂದೇಶದ ಪಕ್ಕದ ಪುಟ್ಟ ಗಡಿಯಾರ ಹೋಗುತ್ತಲೇ ಇಲ್ಲ. ವೈಫೈ ಆಫ್ ಮಾಡಿ ಆನ್ ಮಾಡುತ್ತಾರೆ. ಫೋನನ್ನೇ ಆಫ್ ಮಾಡಿ ಆನ್ ಮಾಡುತ್ತಾರೆ. ಇನ್‌ಸ್ಟಾಗ್ರಾಂ ತೆರೆದರೆ ಅದೂ ಖಾಲಿ. ಮೆಟಾದ ಜಾಲ ನಿರ್ವಹಣೆಯಲ್ಲಾದ ಒಂದು ತಪ್ಪಿನಿಂದ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ಜಗತ್ತಿನ ಎಲ್ಲ ಕಡೆ ನಿಂತುಹೋದವು. ಅಂದು ಎಷ್ಟೋ ಜನಕ್ಕೆ ಗೊತ್ತಾದದ್ದು, ತಮ್ಮ ಅಂಗಡಿ, ಬಾಗಿಲು, ಗಿರಾಕಿಗಳ ಪಟ್ಟಿ ಎಲ್ಲವೂ ಒಬ್ಬರೇ ಮಾಲೀಕರ ಕಟ್ಟಡದಲ್ಲಿದೆ ಅಂತ. ಆರು ಗಂಟೆಯಲ್ಲಿ ಅದು ವಾಪಸ್ ಬಂತು. 2020ರ ಜೂನ್ ಕೊನೆಯಲ್ಲಿ ಭಾರತ ಟಿಕ್‌ಟಾಕ್ ನಿಷೇಧಿಸಿದಾಗ ಅಲ್ಲಿ ಹೆಸರು ಮಾಡಿದವರಿಗೆ ಏನೂ ವಾಪಸ್ ಬರಲಿಲ್ಲ. ಫಾಲೋವರ್‌ಗಳನ್ನು ಮೂಟೆ ಕಟ್ಟಿ ಬೇರೆ ಆ್ಯಪ್‌ಗೆ ಒಯ್ಯೋಕೆ ಆಗಲ್ಲವಲ್ಲ.

ಹಾಗಾಗಿ ಪಳಗಿದ ವ್ಯಾಪಾರಿಗಳು ಒಂದು ಕೆಲಸ ಮಾಡುತ್ತಾರೆ. ವೇದಿಕೆಯಲ್ಲಿ ಸಿಕ್ಕ ಗಿರಾಕಿಯ ಒಪ್ಪಿಗೆ ಕೇಳಿ, ಹೆಸರು, ಇಮೇಲ್, ನಂಬರ್ ತಮ್ಮ ಪುಸ್ತಕದಲ್ಲೂ ಬರೆದಿಟ್ಟುಕೊಳ್ಳುತ್ತಾರೆ. ಹತ್ತು ಸಾವಿರ ಫಾಲೋವರ್‌ಗಿಂತ ಆ ಪುಸ್ತಕದ ಮುನ್ನೂರು ಹೆಸರು ಮೇಲು ಅನ್ನುವವರಿದ್ದಾರೆ. ನಾನೂ ಅದೇ ಪಕ್ಷ.

ಕ್ರಾವಿಟ್ಜ್ ಕೈಯಲ್ಲಿದ್ದ ಖಾತೆಯೂ ಕಟ್ಟುನಿಟ್ಟಾಗಿ ಹೇಳಿದರೆ ಬಾಡಿಗೆಯದೇ. ಟ್ವಿಟರ್‌ನ ನಿಯಮದ ಪ್ರಕಾರ ಖಾತೆ ಟ್ವಿಟರ್‌ಗೆ ಸೇರಿದ್ದು ಅಂತ ಅವರ ಕಡೆಯವರು ವಾದಿಸಿದ್ದರು. ಒಬ್ಬರು ಕಂಪನಿಯ ಆಸ್ತಿ ಅನ್ನುತ್ತಾರೆ, ಇನ್ನೊಬ್ಬರು ಟ್ವಿಟರ್‌ನ ಆಸ್ತಿ ಅನ್ನುತ್ತಾರೆ. ಆ 17,000 ಜನರನ್ನು ಮಾತ್ರ ಯಾರೂ ಕೇಳಲಿಲ್ಲ. ಅವರು ಬಂದಿದ್ದು ಫೋನುಗಳ ಬಗ್ಗೆ ಆ ಮನುಷ್ಯ ಏನು ಹೇಳುತ್ತಾರೆ ಅಂತ ಓದೋಕೆ. ಹೆಸರು ಬದಲಾದ ದಿನ ಬೇಡವಾಗಿದ್ದರೆ ಒಂದು ಗುಂಡಿ ಒತ್ತಿ ಹೋಗಬಹುದಿತ್ತು.

2012ರ ಡಿಸೆಂಬರ್‌ನಲ್ಲಿ ಎರಡೂ ಕಡೆಯವರು ರಾಜಿಯಾದರು. ರಾಜಿಯ ಷರತ್ತುಗಳನ್ನು ಹೊರಗೆ ಹೇಳಲಿಲ್ಲ. ಖಾತೆ ಕ್ರಾವಿಟ್ಜ್ ಅವರ ಬಳಿಯೇ ಉಳಿಯಿತು. ಎರಡೂವರೆ ಡಾಲರ್ ಸರಿಯೋ ತಪ್ಪೋ ಅಂತ ತೀರ್ಪು ಕೊಡುವ ಪ್ರಸಂಗ ಯಾವ ನ್ಯಾಯಾಧೀಶರಿಗೂ ಬರಲಿಲ್ಲ.